ಅರ್ಧ ಮಾತಿನ ರೆಕಾರ್ಡು

ಅಣ್ಣ ಆಡಿದ ಮಾತನ್ನು ಈ ಸಲ ಹಿಡಿದಿಡಲೇಬೇಕು ಎಂದು ಅವಳು ಹಠ ತೊಟ್ಟಳು. ಹಠಕ್ಕೆ ಕಾರಣವಿತ್ತು. ಹಲ್ಲಿನ ಡಾಕ್ಟರುಗಳಿಗೆ ಕಟ್ಟುಹಲ್ಲು ಮಾಡಿಕೊಡುವ ಲ್ಯಾಬಿನಲ್ಲಿ ಅವಳ ಕೆಲಸ. ಅಚ್ಚು ತೆಗೆದು, ಮೇಣ ತಿದ್ದಿ, ಯಾರ್ಯಾರದೋ ನಗು ಸರಿಮಾಡುತ್ತ ಕೂತವಳನ್ನು ಯಜಮಾನರು ಕರೆದು, ಪಿಂಗಾಣಿ ಹಲ್ಲಿನ ಕೆಲಸ ಕಲಿಯಲು ಬೇರೆ ಊರಿಗೆ ಆರು ತಿಂಗಳು ಕಳಿಸುತ್ತೇನೆ ಎಂದಿದ್ದರು. ಕಲಿತು ಬಂದರೆ ಆ ವಿಭಾಗ ಅವಳದೇ. ಆದರೆ ಅಮ್ಮನ ಮಂಡಿ ಕೈಕೊಟ್ಟಿದೆ, ಒಬ್ಬಳನ್ನೇ ಬಿಡುವಂತಿಲ್ಲ. ಅಷ್ಟು ದಿನ ಅಮ್ಮ ಅಣ್ಣನ ಮನೆಯಲ್ಲಿರಬೇಕು.

ಅಣ್ಣ ಒಪ್ಪಿದ್ದ. "ಅದಕ್ಕೇನಂತೆ, ಕರ್ಕೊಂಡು ಬಾ" ಎಂದು ಮನೆಯ ಕಂಪ್ಯೂಟರಿನ ಇಂಟರ್‌ನೆಟ್ ಕರೆಯಲ್ಲಿ ಹೇಳಿದ್ದ. ಮುಂದಿನ ವಾರ ಕೇಳಿದರೆ, "ನಾನೆಲ್ಲಿ ಹಾಗಂದೆ? ನೋಡೋಣ ಅಂದೆ ಅಷ್ಟೆ" ಎಂದ. ಅದರ ಮುಂದಿನ ವಾರ, ನೋಡೋಣ ಎಂದದ್ದೂ ಅವನಿಗೆ ನೆನಪಿರಲಿಲ್ಲ. ನಾಲಿಗೆಗೆ ಎಲುಬಿಲ್ಲ ಅನ್ನುತ್ತಾರೆ, ಇವನ ನಾಲಿಗೆಗೆ ನೆನಪೂ ಇರಲಿಲ್ಲ.

ಕರೆ ರೆಕಾರ್ಡ್ ಮಾಡುವ ಸಾಫ್ಟ್‌ವೇರ್ ಹುಡುಕಿದಳು. ಪುಕ್ಕಟೆಯದು ಬೇಕಾದಷ್ಟಿತ್ತು. ಬಿಟ್ಟಿ ಸಿಕ್ಕಿದರೆ ನನಗೂ ಇರಲಿ ನಮ್ಮಪ್ಪನಿಗೂ ಇರಲಿ ಎನ್ನುವವರಿಗೆ ಬಿಟ್ಟಿ ಕೊಡುವವರು ಏನು ಮಾಡುತ್ತಾರೆಂದು ಅವಳಿಗೆ ಆಮೇಲೆ ತಿಳಿಯಿತು. ಮೊದಲನೆಯದು ತನ್ನ ಜೊತೆಗೆ ಕರೆಯದ ನೆಂಟರನ್ನೆಲ್ಲ ಕಂಪ್ಯೂಟರಿಗೆ ಕರೆತಂದು, ಬೊಜ್ಜು ಕರಗಿಸುವ ಜಾಹೀರಾತು ತೋರಿಸುತ್ತ ಕೂತಿತು. ಅದನ್ನು ಓಡಿಸುವುದರಲ್ಲಿ ಒಂದು ಸಂಜೆ ಹಾಳಾಯಿತು. ಎರಡನೆಯದು "ಚೆನ್ನಾಗಿದ್ದೀಯಾ, ಊಟ ಆಯ್ತಾ" ತನಕ ಮಾತ್ರ ರೆಕಾರ್ಡ್ ಮಾಡಿ, ಮುಂದಿನದಕ್ಕೆ ಹಣ ಕಟ್ಟಿ ಎಂದಿತು. ಊಟ ಆಯಿತೋ ಇಲ್ಲವೋ ಎನ್ನುವುದಕ್ಕೆ ಯಾರಿಗೆ ಸಾಕ್ಷಿ ಬೇಕು! ತಲೆ ಚಚ್ಚಿಕೊಳ್ಳುವಷ್ಟು ಸಿಟ್ಟು ಬಂತು.

ಮೂರನೆಯದು ಸಾಚಾ ಅನ್ನಿಸಿತು. ಅಮ್ಮನ ಕಿವಿಗೆ ಬೀಳದಿರಲೆಂದು ಹೆಡ್‌ಫೋನ್ ಹಾಕಿಕೊಂಡು ಕರೆ ಮಾಡಿದಳು. ಅಣ್ಣ ಏನೇನೋ ಹೇಳಿದ, ನಡುವೆ "ಸರಿ, ಭಾನುವಾರ ಕರ್ಕೊಂಡು ಬಾ" ಎಂದೂ ಹೇಳಿದ. ಸಿಕ್ಕಿಬಿದ್ದೆಯಲ್ಲ ಮಗನೇ ಎಂದು ಒಳಗೊಳಗೇ ಹಿಗ್ಗಿದಳು.

ಕರೆ ಮುಗಿಸಿ ರೆಕಾರ್ಡು ಹಾಕಿ ಕೇಳಿದರೆ ಅಣ್ಣನ ದನಿಯೇ ಇಲ್ಲ. ಅವನ ಮಾತು ಬಂದದ್ದು ಅವಳ ಕಿವಿಗೆ, ಮೈಕಿಗಲ್ಲ. ರೆಕಾರ್ಡ್ ಆಗಿದ್ದುದು ಅವಳ ದನಿಯೊಂದೇ. ಥೂ ಇದರ ಮನೆ ಹಾಳಾಗ ಎಂದು ನಿಲ್ಲಿಸಲು ಹೋದವಳ ಕೈ ತಡೆಯಿತು.

"ಹೌದಾ... ಮಕ್ಕಳಿಗೆ ಪರೀಕ್ಷೆನಾ..." ಎನ್ನುತ್ತಿತ್ತು ಅವಳದೇ ದನಿ. ಸ್ವಲ್ಪ ಹೊತ್ತು ಮೌನ. "ಅತ್ತಿಗೆಗೆ ಸೊಂಟ ನೋವಾ? ಪಾಪ..." ಮತ್ತೆ ಮೌನ. "ಹೂಂ, ನಿನಗೂ ಕಷ್ಟಾನೇ." ಇನ್ನೊಂದು ಮೌನ, ಮೊದಲಿನದಕ್ಕಿಂತ ಉದ್ದ. "ಆಯ್ತು ಬಿಡಣ್ಣ. ನಂದೇನು ಮಹಾ, ಮುಂದಿನ ವರ್ಷ ಹೋದ್ರಾಯ್ತು."

ಇದನ್ನು ನಾನು ಯಾವಾಗ ಹೇಳಿದೆ? ದೇವರಾಣೆಗೂ ಅವಳಿಗೆ ನೆನಪಿರಲಿಲ್ಲ. ಮತ್ತೆ ಹಾಕಿ ಕೇಳಿದಳು. ಹೇಳಿದ್ದಳು, ಅದೂ ತಾನಾಗಿ ಎತ್ತಿ ಕೊಟ್ಟಂತೆ. ಅವನ ಮರೆವಿಗೆ ಸಾಕ್ಷಿ ಹಿಡಿಯಹೊರಟವಳಿಗೆ ತನ್ನ ಮರೆವೇ ಸಿಕ್ಕಿತ್ತು. ನಾಚಿಕೆಯಾಯಿತು. ಅದಕ್ಕಿಂತ ಹೆಚ್ಚಾಗಿ, ತನ್ನ ಮೇಲೇ ಕೆಟ್ಟ ಕೋಪ ಬಂತು.

ಆ ಕೋಪ ಆರುವ ಮೊದಲೇ ಇನ್ನೊಮ್ಮೆ ಕರೆ ಮಾಡಿದಳು. ಈ ಸಲ ರೆಕಾರ್ಡೂ ಇಲ್ಲ, ಗುಟ್ಟೂ ಇಲ್ಲ.

"ಅಣ್ಣ, ಮುಂದಿನ ವರ್ಷ ಅಂದಿದ್ದು ಸುಳ್ಳು. ನಾನು ಈಗಲೇ ಹೋಗ್ಬೇಕು."

"ಅಯ್ಯೋ, ಈಗ ತಾನೇ ಎಲ್ಲಾ ತೀರ್ಮಾನ ಆಯ್ತಲ್ಲೇ!" ಎಂದ ಅಣ್ಣ. ಪರೀಕ್ಷೆ, ಸೊಂಟ, ಎಲ್ಲ ಮತ್ತೆ ಬಂದವು. ಅವಳು ಹೂಂಗುಟ್ಟಲಿಲ್ಲ.

ಅಷ್ಟರಲ್ಲಿ ಗೋಡೆ ಹಿಡಿದುಕೊಂಡು ಬಂದ ಅಮ್ಮ ಬಾಗಿಲಲ್ಲಿ ನಿಂತು, "ಅವನಿಗ್ಯಾಕೆ ತೊಂದ್ರೆ ಕೊಡ್ತೀಯೇ? ನೀನಿದೀಯಲ್ಲ" ಎಂದಳು.

ಅವಳು ಹೆಡ್‌ಫೋನ್ ಕಿತ್ತು ಅಮ್ಮನ ತಲೆಗೆ ಹಾಕಿ, ಕುರ್ಚಿ ಎಳೆದು ಕೂರಿಸಿದಳು. "ಹಾಗಾದ್ರೆ ನೀವಿಬ್ರೇ ಮಾತಾಡ್ಕೊಳ್ಳಿ." ಅಡುಗೆಮನೆಗೆ ಹೋಗಿ ಲೋಟ ತೊಳೆಯತೊಡಗಿದಳು. ತೊಳೆದ ಲೋಟವನ್ನೇ ತೊಳೆದಳು.

ಕೋಣೆಯಿಂದ ಅಮ್ಮನ ದನಿಯಷ್ಟೇ ಬರುತ್ತಿತ್ತು. "ಹೌದೇನಪ್ಪ... ಹೂಂ... ಅವಳಿಗೂ ಸೊಂಟನಾ, ಪಾಪ..." ಆಮೇಲೆ ಮೌನ. ಆ ಮೌನದಲ್ಲಿ ಅಣ್ಣ ಏನು ಹೇಳುತ್ತಿರಬಹುದೆಂದು ಅವಳಿಗೆ ಯಾರೂ ಹೇಳಬೇಕಿರಲಿಲ್ಲ. "ಆಗಲಪ್ಪ, ನಿಂಗ್ಯಾಕೆ ಯೋಚ್ನೆ? ಅವಳು ಹೋದ್ರೆ ಹೋಗ್ಲಿ. ನಾನೊಬ್ಳೇ ಹೇಗೋ ಇರ್ತೀನಿ."

ಲೋಟ ಅಲ್ಲೇ ಬಿಟ್ಟು, ಒದ್ದೆ ಕೈಯಲ್ಲೇ ಓಡಿ ಬಂದು ಮೈಕಿಗೆ ಬಾಗಿದಳು. "ಅಮ್ಮ ಒಬ್ಳೇ ಇರಲ್ಲ. ಭಾನುವಾರ ಬೆಳಿಗ್ಗೆ ಬಸ್ಸಿಗೆ ಕರ್ಕೊಂಡು ಬರ್ತೀನಿ. ನಿಮ್ಮನೇಲಿ ಬಿಟ್ಟು ನಾನು ಹಾಗೇ ಮುಂದಕ್ಕೆ ಹೋಗ್ತೀನಿ." ಉತ್ತರಕ್ಕೆ ಕಾಯದೆ ಕರೆ ಕತ್ತರಿಸಿದಳು.

ಅಮ್ಮ ಹೆಡ್‌ಫೋನ್ ತೆಗೆದು ಮಡಿಲಲ್ಲಿಟ್ಟುಕೊಂಡು ಗಾಬರಿಯಿಂದ ನೋಡಿದಳು. "ಅವನು ಇನ್ನೂ ಒಪ್ಪೇ ಇಲ್ವಲ್ಲೇ!"

"ನೀನಿದೀಯಲ್ಲ ಅಂದ್ಯಲ್ಲ, ಅದಕ್ಕೆ ನಾನು ಯಾವತ್ತು ಒಪ್ಪಿದ್ದೆಮ್ಮ?" ಎಂದಳು ಅವಳು.