ರೌಂಡು, ಫ್ಲಾಟು ಮತ್ತು ನನ್ನ ತೋರುಬೆರಳು

ಯಾರೂ ಮುಟ್ಟಲಿಲ್ಲ, ಆದರೂ ಗುಂಯ್ ಅಂತು, ಮೈಸೂರಿನ ಕಡೆ ಹೋಗುವ ಮಧ್ಯಾಹ್ನದ ರೈಲು, ಅದು ಹೋದಾಗಲೆಲ್ಲ ನಮ್ಮ ಮನೆಯ ಗೋಡೆ ನಡುಗುತ್ತದೆ, ಗೋಡೆಯ ಮೊಳೆಗೆ ನೇತುಹಾಕಿದ ಬೇಸ್ ಗಿಟಾರಿನ ಮೂರು ತಂತಿಗಳೂ ನಡುಗುತ್ತವೆ — ಮೂರೇ, ನಾಲ್ಕನೆಯ ದಪ್ಪ ತಂತಿಯ ಜಾಗ ಹಲ್ಲು ಬಿದ್ದ ಬಾಯಿಯ ಹಾಗೆ ಖಾಲಿ, ಆ ಕಥೆ ಆಮೇಲೆ, ಈಗಲೇ ನೆನೆದರೆ ನಗು ಬರುತ್ತದೆ — ರೈಲಿಗೆ ಬೆರಳಿಲ್ಲ, ಆದರೂ ನುಡಿಸಿಕೊಂಡು ಹೋಗುತ್ತದೆ, ನನಗೆ ಹತ್ತು ಬೆರಳಿವೆ, ಒಂಬತ್ತೂವರೆ ಅನ್ನು ಅನಂತರಾಜು, ಮನಸ್ಸಿನೊಳಗಾದರೂ ನಿಜ ಹೇಳು, ಎಡಗೈ ತೋರುಬೆರಳಿನ ತುದಿ ನೋಡುವುದಕ್ಕೆ ಇದೆ, ಮುಟ್ಟುವುದಕ್ಕೆ ಇಲ್ಲ, ಎರಡೂವರೆ ತಿಂಗಳಾಯಿತು, ಬಿಸಿಯಿಲ್ಲ ತಣ್ಣಗಿಲ್ಲ ಮೆತ್ತಗಿಲ್ಲ ಚೂಪಿಲ್ಲ, ಏನೂ ಇಲ್ಲ, ಮತ್ತು ಈ ಸಂಗತಿ ಚನ್ನಪಟ್ಟಣದಲ್ಲಿ ನನ್ನೊಬ್ಬನನ್ನು ಬಿಟ್ಟು ಯಾರಿಗೂ ಗೊತ್ತಿಲ್ಲ, ಪದ್ಮಶ್ರೀಗೂ ಗೊತ್ತಿಲ್ಲ, ಕಟ್ಟಿಕೊಂಡ ಹೆಂಡತಿಗೇ ಹೇಳದವನು ಇನ್ಯಾರಿಗೆ ಹೇಳುತ್ತೇನೆ. ನಾಳೆ ಆಯುಧಪೂಜೆ, ಬಿಡದಿಯ ಹತ್ತಿರದ ಬಿಡಿಭಾಗದ ಕಂಪನಿಯಲ್ಲಿ ನಮ್ಮ ಆರ್ಕೆಸ್ಟ್ರಾ, ಬೆಳಿಗ್ಗೆ ಮಿಷನ್ನುಗಳಿಗೆ ಹಾರ ಹಾಕಿ ಬೂದುಗುಂಬಳ ಒಡೆದ ಮೇಲೆ ಸಾವಿರ ಜನ ಕಾರ್ಮಿಕರ ಮುಂದೆ ಹಾಡು, ಗಾಯವಾದ ಮೇಲೆ ನನಗೆ ಅದೇ ಮೊದಲ ಪ್ರೋಗ್ರಾಮು, ಸಂಜೆ ಐದಕ್ಕೆ ಕೀಬೋರ್ಡಿನ ಲೋಕೇಶ್ ಪ್ರಾಕ್ಟೀಸಿಗೆ ಬರುತ್ತಾನೆ, ಅಷ್ಟರೊಳಗೆ ತಂತಿ ಹಾಕಿ ಮುಗಿಸಿರಬೇಕು, ಚಾಪೆಯ ಮೇಲೆ ಎರಡು ಪೊಟ್ಟಣ ಇಟ್ಟುಕೊಂಡು ಕೂತು ಒಂದು ಗಂಟೆಯಾಯಿತು.

ಒಂದರಲ್ಲಿ ರೌಂಡು, ಇನ್ನೊಂದರಲ್ಲಿ ಫ್ಲಾಟು, ಎರಡರ ಒಳಗೂ ಒಂದೇ ಉಕ್ಕಿನ ತಂತಿ, ಅದರ ಮೇಲೆ ಸುತ್ತಿರುವ ಸಣ್ಣ ತಂತಿ ದುಂಡಗಿದ್ದರೆ ರೌಂಡು, ಪಟ್ಟಿಯ ಹಾಗೆ ಚಪ್ಪಟೆಯಾಗಿದ್ದರೆ ಫ್ಲಾಟು, ಅಷ್ಟೇ ವ್ಯತ್ಯಾಸ, ಆದರೆ ರೌಂಡಿನ ಮೇಲೆ ಬೆರಳು ಎಳೆದರೆ ಸಾಲು ಸಾಲು ಗೆರೆ ಸಿಗುತ್ತದೆ, ಉಗುರು ತಾಗಿಸಿದರೆ ಜರ್ ಅನ್ನುತ್ತದೆ, ಚರ್ಮ ತಿನ್ನುತ್ತದೆ, ನಾದ ಮಾತ್ರ ಮೈದಾನದ ಕೊನೆಯವನಿಗೂ ಹೋಗಿ ಮುಟ್ಟುತ್ತದೆ, ಫ್ಲಾಟು ಗಾಜಿನಷ್ಟು ನುಣುಪು, ಬೆರಳಿಗೆ ಸುಖ, ನಾದ ಹೊದ್ದುಕೊಂಡು ಮಾತಾಡಿದ ಹಾಗೆ. ಮೊನ್ನೆ ಲೋಕೇಶ್ ಬೆಂಗಳೂರಿಗೆ ತನ್ನ ಕೀಬೋರ್ಡು ರಿಪೇರಿಗೆ ಹೋದವನು ಎರಡನ್ನೂ ತಂದು ಜಗಲಿಯ ಮೇಲೆ ಇಟ್ಟ, ರೌಂಡು ನಿನ್ನ ಮಾಮೂಲಿ ಕಣ್ಲಾ, ಫ್ಲಾಟು ಅಂಗಡಿಯೋನು ಕೊಟ್ಟ, ಬೆರಳು ನಾಜೂಕಾಗಿರೋರ್ಗೆ ಇದೇ ವಾಸಿ ಅಂದ, ನಾಜೂಕು ಅನ್ನುವ ಮಾತು ಕೇಳಿ ನನಗೆ ರೇಗಿತು, ನಾನೇನು ಬಾಣಂತಿಯೇನ್ಲಾ ಅಂದೆ, ಅವನು ನಗಲಿಲ್ಲ, ಲೋಕೇಶ್ ನಗದಿದ್ದರೆ ಏನೋ ಇದೆ ಎಂದೇ ಅರ್ಥ, ಹದಿನಾಲ್ಕು ವರ್ಷದಿಂದ ಅವನ ಪಕ್ಕದಲ್ಲೇ ನಿಂತು ನುಡಿಸಿದವನು ನಾನು. ಆಮೇಲೆ ಹೇಳಿದ, ಕಷ್ಟ ಆದ್ರೆ ಬುಡು, ಬೇಸು ನಾನೇ ಎಡಗೈಲಿ ಕೀಬೋರ್ಡಲ್ಲಿ ಕೊಟ್ಬುಡ್ತೀನಿ, ನೀನು ಗಿಟಾರ್ ಹಾಕ್ಕೊಂಡು ಸುಮ್ನೆ ನಿಂತಿರು, ಯಾರ್ಗೂ ಗೊತ್ತಾಗಾಕಿಲ್ಲ. ಪ್ರೀತಿಯಿಂದಲೇ ಹೇಳಿದ, ಅದೇ ಹೆಚ್ಚು ಚುಚ್ಚಿದ್ದು, ಗಿಟಾರ್ ಹೆಗಲಿಗೆ ಹಾಕಿಕೊಂಡು ಸಾವಿರ ಜನರ ಮುಂದೆ ಬೆಪ್ಪನ ಹಾಗೆ ಬೆರಳಾಡಿಸುತ್ತಾ ನಿಲ್ಲುವುದು, ಜವಳಿ ಅಂಗಡಿಯ ಗಾಜಿನೊಳಗೆ ಸೀರೆ ಉಡಿಸಿ ನಿಲ್ಲಿಸುತ್ತಾರಲ್ಲ ಆ ಬೊಂಬೆ, ಬೊಂಬೆ ಮಾಡುವವನೇ ಬೊಂಬೆಯಾದ ಅಂತ ನಮ್ಮ ಬೊಂಬೆ ಕಾರ್ಖಾನೆಯ ಫಕ್ರುದ್ದೀನ್ ಭಾಯಿ ನಗುತ್ತಾರೆ, ನಗಲಿ, ಆದರೆ ಒಂದು ಸಲ ಹಾಗೆ ನಿಂತರೆ ಇನ್ನೊಂದು ಸಲ ಕರೆಯುವುದೇ ಇಲ್ಲ, ಒಂದು ಆಳಿನ ಕೆಲಸ ಲೋಕೇಶನ ಎಡಗೈಯಲ್ಲಿ ಮುಗಿಯುವುದಾದರೆ ಯಾರಾದರೂ ಯಾಕೆ ಕರೆಯುತ್ತಾರೆ.

ಫಕ್ರುದ್ದೀನ್ ಭಾಯಿಯ ಕಾರ್ಖಾನೆ, ಮರ ತಿರುಗಿಸಿ ಕಡೆಯುವ ಮೂರು ಲೇತು, ಹಾಲೆ ಮರದ ಹೊಟ್ಟಿನ ವಾಸನೆ, ತಿರುಗುವ ಮರಕ್ಕೆ ಅರಗಿನ ಕಡ್ಡಿ ಒತ್ತಿದಾಗ ಏಳುವ ಆ ಸಿಹಿ ಹೊಗೆ, ಆವತ್ತು ನಾನು ಮಕ್ಕಳ ಬುಗುರಿಗೆ ಬಣ್ಣ ಕೊಡುತ್ತಿದ್ದೆ, ಕೆಂಪು, ಆಷಾಢ, ಹೊರಗೆ ಜಿಟಿಜಿಟಿ, ತಲೆಯೊಳಗೆ ಒಂದು ಹಾಡಿನ ಬೇಸು ಓಡುತ್ತಿತ್ತು, ಅರಗು ಬಳಿದ ಮೇಲೆ ತಾಳೆಗರಿ ಹಿಡಿದು ಉಜ್ಜಿ ಹೊಳಪು ಕೊಡಬೇಕು, ಕೈ ಚಾಚಿದೆ, ಗರಿ ಸಿಗಲಿಲ್ಲ, ಏಳುವ ಸೋಮಾರಿತನ, ಮಡಿಲಲ್ಲಿದ್ದ ಬಟ್ಟೆ ತುಂಡು ಹಿಡಿದೆ — ಎಲೆ ಹರಿತೈತೆ ಅನಂತಾ, ಬಟ್ಟೆ ಹರಿಯಲ್ಲ, ಎಷ್ಟು ಸಲ ಹೇಳಿವ್ನಿ ನಿಂಗೆ — ಭಾಯಿ ಇದನ್ನು ಹೇಳಿದ್ದು ಆಮೇಲೆ, ನನ್ನ ಕೈಯನ್ನು ತನ್ನ ಲುಂಗಿಯ ತುದಿಯಲ್ಲಿ ಸುತ್ತಿ ಹಿಡಿದುಕೊಂಡು ಆಟೋದಲ್ಲಿ ಕೂತಾಗ, ಬೈಯುತ್ತಲೇ ಅಳುತ್ತಿದ್ದರು. ಹೌದು, ಎಲೆ ಹರಿಯುತ್ತದೆ, ಬೆರಳು ಉಳಿಯುತ್ತದೆ, ಬಟ್ಟೆ ಬುಗುರಿಗೆ ಸುತ್ತಿಕೊಂಡು ಬೆರಳನ್ನೂ ಎಳೆದುಕೊಂಡು ಪಕ್ಕದಲ್ಲೇ ಇಟ್ಟಿದ್ದ ಉಳಿಯ ಬಾಯಿಗೆ ಕೊಟ್ಟಿತು, ಐದು ಹೊಲಿಗೆ. ಹೊಲಿಗೆ ಬಿಚ್ಚಿದ ದಿನ ಡಾಕ್ಟರು ಸೂಜಿ ತಗುಲಿಸಿ ಆ ಕಡೆ ನೋಡು ಅಂದರು, ಕಿಟಕಿಯಾಚೆ ನೋಡಿದೆ, ಗೊತ್ತಾಗ್ತಾ ಇದೆಯಾ, ಗೊತ್ತಾಗ್ತೈತೆ ಸಾರ್, ಈಗ, ಈಗ್ಲೂ ಗೊತ್ತಾಗ್ತೈತೆ ಸಾರ್, ಆಗ ಅವರು ಸೂಜಿಯನ್ನೇ ತಗುಲಿಸಿರಲಿಲ್ಲವೇನೋ, ನನ್ನ ಮುಖ ನೋಡಿ, ನರ ಬೆಳೆಯೋದಕ್ಕೆ ಸಮಯ ಬೇಕಪ್ಪ, ಬಂದರೂ ಬರಬಹುದು, ಬರದೇನೂ ಇರಬಹುದು ಅಂದರು, ಪದ್ಮಶ್ರೀ ಬಾಗಿಲ ಹೊರಗೆ ಚಪ್ಪಲಿ ಹುಡುಕುತ್ತಿದ್ದಳು, ಪುಣ್ಯಕ್ಕೆ ಕೇಳಿಸಲಿಲ್ಲ.

ಅವಳು ಆವತ್ತೇ ಕಬ್ಬಾಳಮ್ಮನಿಗೆ ಹರಕೆ ಹೊತ್ತಳು, ಗಾಯ ಮಾಯ್ದರೆ ಬೆಳ್ಳಿ ಬೆರಳು ಒಪ್ಪಿಸ್ತೀನಿ ಅಂತ, ಅದು ಭಾಯಿಯ ಕಿವಿಗೆ ಬಿದ್ದು, ಬೆಳ್ಳಿ ಆಗೋವರ್ಗೂ ಇದಿರ್ಲಿ ತಾಯಿ ಅಂತ ಹಾಲೆ ಮರದಲ್ಲಿ ಒಂದು ಬೆರಳನ್ನೇ ಕಡೆದು ತಂದುಕೊಟ್ಟರು, ಅರಗಿನ ಹೊಳಪು, ತುದಿಗೆ ಕೊರೆದ ಉಗುರು, ಗೆಣ್ಣಿನ ಹತ್ತಿರ ಉಳಿ ತಾಗಿಸಿ ತೆಗೆದ ಎರಡು ಗೆರೆ, ದೇವರ ಗೂಡಿನಲ್ಲಿ ಅರಿಶಿನದ ಬಟ್ಟಲ ಪಕ್ಕ ಇದೆ, ಈಗಲೂ ಕಾಣುತ್ತಿದೆ, ನನ್ನ ಬೆರಳಿಗಿಂತ ಲಕ್ಷಣವಾಗಿದೆ, ಎಷ್ಟೋ ಸಲ ಅದನ್ನೂ ಇದನ್ನೂ ಅಕ್ಕಪಕ್ಕ ಇಟ್ಟು ನೋಡಿದ್ದೇನೆ, ಎರಡರ ತುದಿಯನ್ನೂ ಚಿವುಟಿದ್ದೇನೆ, ಎರಡೂ ಒಂದೇ. ಗಾಯವೇನೋ ಮಾಯ್ದಿದೆ, ಹರಕೆ ತೀರಿಸಲು ಯಾವಾಗ ಹೋಗೋಣ ಅಂತ ಅವಳು ಕೇಳುತ್ತಲೇ ಇದ್ದಾಳೆ, ಸಾತನೂರಿನ ಬಸ್ಸು ಹತ್ತಿದರೆ ಕಬ್ಬಾಳಿಗೆ ಎಷ್ಟೊತ್ತು, ನಾನೇ ಮುಂದಕ್ಕೆ ಹಾಕುತ್ತಿದ್ದೇನೆ, ಅಮ್ಮನ ಮುಂದೆ ನಿಂತು ವಾಸಿಯಾಯಿತು ಅಂತ ಸುಳ್ಳು ಹೇಳಲು ಬಾಯಿ ಬರಬೇಕಲ್ಲ.

ಶ್ರಾವಣದಲ್ಲಿ ಒಂದು ದಿನ ಕದ್ದು ನುಡಿಸಿದೆ, ಅವಳು ರೇಷ್ಮೆ ಗೂಡಿನ ಮಾರ್ಕೆಟ್ಟಿಗೆ ಹೋಗಿದ್ದಳು, ಹಳೆಯ ರೌಂಡು ತಂತಿ, ಹತ್ತು ನಿಮಿಷ ಚೆನ್ನಾಗಿಯೇ ನುಡಿಸಿದೆ ಅಂದುಕೊಂಡೆ, ಆಮೇಲೆ ನೋಡಿದರೆ ಗಿಟಾರಿನ ಕತ್ತಿನ ಮೇಲೆ ಕೆಂಪು, ಅರಗೇನೋ ಮೆತ್ತಿದೆ ಅಂದುಕೊಂಡು ಒರೆಸಿದೆ, ಅರಗಲ್ಲ, ರಕ್ತ, ಹೊಸ ಚರ್ಮ ಸುಲಿದುಹೋಗಿತ್ತು, ನೋಡಿ ಗೊತ್ತಾಯಿತೇ ಹೊರತು ನೋವಿನಿಂದಲ್ಲ, ಹಾಗೆ ಹೆದರಿದ್ದು ಜೀವಮಾನದಲ್ಲಿ ಇಲ್ಲ. ಆಗ ಹೊಳೆದದ್ದು ಆ ಘನಂದಾರಿ ಉಪಾಯ, ತಂತಿಯ ಗೆರೆಗಳನ್ನೇ ಅರಗಿನಿಂದ ತುಂಬಿಬಿಟ್ಟರೆ, ಇಪ್ಪತ್ತು ವರ್ಷ ಮರದ ಒರಟನ್ನೆಲ್ಲ ಅರಗು ತುಂಬಿ ನುಣುಪು ಮಾಡಿದವನಿಗೆ ಒಂದು ತಂತಿ ಯಾವ ಲೆಕ್ಕ, ಗಿಟಾರನ್ನೇ ಕಾರ್ಖಾನೆಗೆ ಹೊತ್ತುಕೊಂಡು ಹೋಗಿ, ದಪ್ಪ ತಂತಿ ಬಿಚ್ಚಿ, ಒಂದು ತುದಿ ಲೇತಿಗೆ, ಇನ್ನೊಂದು ತುದಿ ಎದುರಿನ ಕೀಲಿಗೆ ಸಿಕ್ಕಿಸಿ, ನಿಧಾನ ತಿರುಗಿಸಿ, ಕೆಂಪು ಅರಗು ಒತ್ತಿ, ಮೇಲೆ ತಾಳೆಗರಿ — ಈ ಸಲ ಗರಿಯೇ, ಬಟ್ಟೆಯಲ್ಲ — ಆಹಾ, ಏನು ಹೊಳಪು, ಅಷ್ಟು ಚಂದದ ತಂತಿ ಯಾವ ದೇಶದಲ್ಲೂ ಇರಲಿಕ್ಕಿಲ್ಲ. ಗಿಟಾರಿಗೆ ಕಟ್ಟಿ ಬಿಗಿದು ಮೀಟಿದೆ, ಥಪ್ ಅಂತು, ಹಸಿ ಗೋಡೆಗೆ ಬೆರಣಿ ತಟ್ಟಿದ ಸದ್ದು, ಎರಡನೇ ಸಲ ಮೀಟಿದರೆ ಅರಗೆಲ್ಲ ಚಕ್ಕೆ ಚಕ್ಕೆಯಾಗಿ ಸಿಡಿದು ನನ್ನ ಬನಿಯನ್ನಿನ ಮೇಲೆ ಉದುರಿತು, ಅರೇ ಇವನಾ, ತಂತಿಗೆ ಅರಗು ಹಾಕಿದ್ಯಲ್ಲೋ, ಅದೇನು ಬುಗುರಿಯಾ, ಭಾಯಿ ಹೊಟ್ಟೆ ಹಿಡಿದುಕೊಂಡು ನಕ್ಕರು, ನಾನೂ ನಕ್ಕೆ, ಯಾಕೆ ಹಾಗೆ ಮಾಡಿದೆ ಅಂತ ಅವರು ಕೇಳಲಿಲ್ಲ, ಕೇಳಿದ್ದರೆ ಆವತ್ತೇ ಎಲ್ಲ ಹೇಳಿಬಿಡುತ್ತಿದ್ದೆ.

ಮೂರೂವರೆ ಆಯಿತು, ಇನ್ನು ತಡ ಮಾಡಿದರೆ ಆಗದು, ಗಿಟಾರು ಮೊಳೆಯಿಂದ ಇಳಿಸು, ಫ್ಲಾಟು ಮೊದಲು, ಪೊಟ್ಟಣ ಹರಿ, ದಪ್ಪ ತಂತಿಯ ಸುರುಳಿ ಬಿಚ್ಚು, ಕಟ್ಟು, ಬಿರಡೆ ತಿರುಗಿಸು, ಏರಲಿ, ಇನ್ನೂ, ಸಾಕು, ಬಲಗೈ ಮೀಟಿತು, ಡುಮ್, ಮೆತ್ತಗಿದೆ, ಕೆಟ್ಟದ್ದೇನಲ್ಲ, ಎಡಗೈ ತೋರುಬೆರಳು ಗಿಟಾರಿನ ಕತ್ತಿನ ಮೂರನೇ ಮನೆಯ ಮೇಲೆ — ಒತ್ತಿದೆನಾ, ಕಣ್ಣು ಮುಚ್ಚಿಕೊಂಡರೆ ಗೊತ್ತಾಗುತ್ತಿಲ್ಲ, ತೆರೆದು ನೋಡಿದರೆ ಬೆರಳು ತಂತಿಯಿಂದ ಅರ್ಧ ಇಂಚು ಆಚೆ ಬರೀ ಮರವನ್ನು ಒತ್ತಿಕೊಂಡು ಕೂತಿದೆ, ಥೂ, ಮತ್ತೆ ಒತ್ತಿದೆ, ನುಣುಪು, ಜಾರಿತು, ಎಲ್ಲಿ ಜಾರಿತೆಂದು ಬೆರಳು ಹೇಳಲಿಲ್ಲ, ಕಣ್ಣೇ ಹೇಳಬೇಕಾಯಿತು, ನಾಳೆ ಸ್ಟೇಜಿನಲ್ಲಿ ತಲೆ ಬಗ್ಗಿಸಿ ಬೆರಳನ್ನೇ ನೋಡುತ್ತಾ ನಿಂತರೆ ಲೋಕೇಶನಿಗೆ ಅರ್ಥವಾಗದೆ ಇರುತ್ತದೆಯೇ, ಮುಗಿಯಿತು, ಸಂಜೆ ಬಂದಾಗಲೇ ಹೇಳಿಬಿಡುತ್ತೇನೆ, ನೀನೇ ಕೊಡಪ್ಪ ಎಡಗೈಲಿ, ನಾನು ಬರುವುದಿಲ್ಲ, ಬೊಂಬೆಯಾಗಿ ನಿಲ್ಲುವುದಂತೂ ಇಲ್ಲ — ಅಡುಗೆಮನೆಯಲ್ಲಿ ಪದ್ಮಶ್ರೀ ಏನೋ ಹುರಿಯುತ್ತಿದ್ದಾಳೆ, ಕಡಲೆಬೀಜ, ವಾಸನೆ ಬರುತ್ತಿದೆ, ಮೂಗು ಚೆನ್ನಾಗಿಯೇ ಇದೆ ನನ್ನದು.

ಹೇಳುವ ಮೊದಲು ಅದನ್ನೂ ನೋಡಿಬಿಡೋಣ, ಫ್ಲಾಟು ಬಿಚ್ಚಿದೆ, ರೌಂಡು ಕಟ್ಟಿದೆ, ಹೊಸದು, ಒರಟು, ಬಿಗಿಯುವಾಗ ಕೀರ್ ಅಂತು, ಬೆರಳಿಟ್ಟು ಒತ್ತಿದೆ, ಏನಿಲ್ಲ, ಒತ್ತಿದ ಹಾಗೇ ಐದನೇ ಮನೆಯಿಂದ ಮೂರನೆಯದಕ್ಕೆ ಎಳೆದೆ, ಜರ್ — ಏನದು. ಇರುವೆ ಹರಿದ ಹಾಗೆ ಏನೋ. ಕೈ ತೆಗೆದೆ, ಕಿವಿ ಕೇಳಿದ್ದನ್ನು ಬೆರಳು ತನ್ನದು ಅಂದುಕೊಂಡಿತೋ ಏನೋ, ಮನಸ್ಸಿಗೆ ಆಸೆ ಜಾಸ್ತಿ, ಇನ್ನೊಂದು ಸಲ, ಕಣ್ಣು ಮುಚ್ಚಿ, ಬಲಗೈಯನ್ನು ತೊಡೆಯ ಕೆಳಗೆ ಇಟ್ಟುಕೊಂಡು, ಬರೀ ಎಡಗೈ, ಮೆಲ್ಲಗೆ, ಸದ್ದಾಗದ ಹಾಗೆ — ಇದೆ. ಗೆರೆ. ಒಂದರ ಹಿಂದೆ ಒಂದು, ಸಾಲಾಗಿ, ಬೆರಳಿನ ಒಳಗಡೆ ಎಲ್ಲೋ ದೂರದಲ್ಲಿ, ಇನ್ನೂ ಗಟ್ಟಿಯಾಗಿ ಒತ್ತಿದೆ, ಚುರ್ ಅಂತು, ಉರಿ, ನಿಜವಾದ ಉರಿ, ಅಯ್ಯಯ್ಯೋ ಅಂದುಬಿಟ್ಟೆ, ಎಷ್ಟು ಚೆನ್ನಾಗಿ ನೋಯುತ್ತಿದೆ, ಇಷ್ಟು ಒಳ್ಳೆಯ ನೋವನ್ನು ನಾನು ಕಂಡೇ ಇಲ್ಲ, ಮತ್ತೆ ಒತ್ತಿದೆ, ಮತ್ತೆ ಉರಿಯಿತು, ಕಣ್ಣಲ್ಲಿ ನೀರು, ಬರಲಿ, ಯಾರು ನೋಡುತ್ತಾರೆ — ಏನ್ರೀ ಅದು, ಕೈ ಕೊಯ್ಕಂಡ್ರಾ, ಸೌಟು ಹಿಡಿದು ಓಡಿಬಂದಿದ್ದಾಳೆ, ಇಲ್ಲ ಕಣೇ, ನೋವು, ಎಲ್ಲಿ ನೋವು, ಬೆರಳ ತುದೀಲಿ, ಅಯ್ಯೋ ಮತ್ತೆ ನಗ್ತೀರಲ್ಲಾ, ಎರಡೂವರೆ ತಿಂಗಳಿಂದ ಇರ್ಲಿಲ್ಲ ಕಣೇ ಪದ್ಮ, ಮುಟ್ಟಿದ್ರೆ ಗೊತ್ತಾಗ್ತಿರ್ಲಿಲ್ಲ, ಡಾಕ್ಟರ್‌ಗೂ ಸುಳ್ಳು ಹೇಳಿದ್ದೆ, ನಿಂಗೂ ಹೇಳಿದ್ದೆ. ಅವಳು ಸೌಟನ್ನು ನೆಲಕ್ಕೆ ಇಟ್ಟು ನನ್ನ ಬೆರಳು ಹಿಡಿದುಕೊಂಡಳು, ಬೈಯುತ್ತಾಳೆ ಅಂದುಕೊಂಡೆ, ನಂಗೊತ್ತಿತ್ತು ಅಂದಳು. ಬಿಸಿ ತಟ್ಟೇನ ಆ ಬೆರಳಲ್ಲಿ ಹಿಡ್ಕಂಡು ಸುಮ್ನೆ ಕೂತಿದ್ರಲ್ಲ ಆವತ್ತು, ನಂಗೆ ಆವಾಗ್ಲೇ ಗೊತ್ತಾಯ್ತು, ನೀವಾಗೇ ಹೇಳ್ಲಿ ಅಂತ ಸುಮ್ನಿದ್ದೆ, ಅಮ್ಮನ ಮುಂದಾದ್ರೂ ನಿಜ ಹೇಳ್ತೀರೇನೋ, ಅದ್ಕೇ ಹರಕೆ ತೀರ್ಸಾನ ಬನ್ನಿ ಅಂತ ಬಡ್ಕೊತಿದ್ದುದು. ಕಡಲೆಬೀಜ ಸೀಯುವ ವಾಸನೆ, ಅಯ್ಯೋ ಅಂತ ಒಳಗೆ ಓಡಿದಳು.

ಅಂದರೆ ನಾನೊಬ್ಬನೇ ಹೊತ್ತುಕೊಂಡಿದ್ದೇನೆ ಅಂದುಕೊಂಡದ್ದರ ಇನ್ನೊಂದು ತುದಿಯನ್ನು ಅವಳು ಹಿಡಿದುಕೊಂಡೇ ಇದ್ದಳು, ಮೈಯೆಲ್ಲ ಹಗುರವಾಗಿದೆ, ಈಗ ರೌಂಡು ಬಿಚ್ಚುತ್ತಿದ್ದೇನೆ, ಹೌದು, ಫ್ಲಾಟೇ ಹಾಕುತ್ತೇನೆ, ನಾಲ್ಕೂ, ನಿನ್ನೆಯವರೆಗೂ ಫ್ಲಾಟು ಹಾಕುವುದೆಂದರೆ ಸೋತೆ ಅಂತ ಬರೆದುಕೊಟ್ಟ ಹಾಗಿತ್ತು, ಈಗ ಅದು ಬರೀ ತಂತಿ, ಚರ್ಮ ಎಳೆಯದು, ರೌಂಡು ಸುಲಿದುಹಾಕುತ್ತದೆ, ನಾಳೆ ಎರಡು ಗಂಟೆ ನಿಂತು ನುಡಿಸಬೇಕು, ಒಸಿ ತಲೆ ಬಗ್ಗಿಸಿ ಬೆರಳು ನೋಡಿಕೊಂಡೇ ನುಡಿಸುತ್ತೇನೆ, ಲೋಕೇಶನಿಗೆ ಸಂಜೆ ಎಲ್ಲ ಹೇಳುತ್ತೇನೆ, ನನ್ ಬೆರಳು ಮರಗಟ್ಟಿತ್ತು ಕಣ್ಲಾ, ಈಗ ಚಿಗುರ್ತಾ ಐತೆ, ನಾನು ಎಲ್ಲಾರಾ ಜಾರಿದ್ರೆ ನೀನು ಎಡಗೈಲಿ ಹಿಡ್ಕೊ ಅಂತ, ರೌಂಡನ್ನು ಮಡಚಿ ಪೊಟ್ಟಣದಲ್ಲಿ ಹಾಕಿ ದೇವರ ಗೂಡಿನಲ್ಲಿ ಇಡುತ್ತೇನೆ, ಮರದ ಬೆರಳಿನ ಪಕ್ಕ, ದೀಪಾವಳಿಯ ಪ್ರೋಗ್ರಾಮಿಗೆ ಬೇಕಾಗುತ್ತದೆ, ಭಾನುವಾರ ಕಬ್ಬಾಳಿಗೆ, ಬಸ್ಸು ಎಷ್ಟು ಗಂಟೆಗೋ ಕೇಳಬೇಕು — ಬಿರಡೆ ತಿರುಗಿಸಲು ಎಡಗೈ ಎತ್ತಿದೆ, ಬೆಳಕಿಗೆ ಬಂತು, ಮರದ ಬೆರಳ ಮೇಲೆ ಉಳಿಯಿಂದ ತೆಗೆದ ಗೆರೆ ಯಾವತ್ತೂ ಮಾಸುವುದಿಲ್ಲ, ನನ್ನ ಬೆರಳ ಮೇಲಿನದು ಹಾಗಲ್ಲ, ಇದು ಇನ್ನು ಸ್ವಲ್ಪ ಹೊತ್ತಿಗೆ ಮಾಸಿಹೋಗುತ್ತದೆ, ಮಾಸುವ ಮೊದಲು ನೋಡಿಕೊಳ್ಳಬೇಕು, ತೋರುಬೆರಳಿನ ತುದಿಯಲ್ಲಿ ತಂತಿ ಕೂತೆದ್ದ ಗುರುತು, ಸಣ್ಣ ಸಣ್ಣ ಗೆರೆ, ಕೆಂಪಗೆ, ಪಕ್ಕ ಪಕ್ಕ, ಉರಿಯುತ್ತಿದೆ, ಇನ್ನೂ ಉರಿಯುತ್ತಿದೆ, ಗೆರೆ, ಕೆಂಪು ಗೆರೆ