ಗುಲಾಮ್ ಹುಸೇನರು ತಿದ್ದಿದ ಉತ್ತರ

ಕೊಪ್ಪದ ಟೈಲರ್ ಗುಲಾಮ್ ಹುಸೇನರು ನಲವತ್ತು ವರ್ಷ ಹೊಲಿಗೆ ಮಿಷನ್ ತುಳಿದು ಸವೆಸಿದ್ದ ಬಲಮಂಡಿಯನ್ನು ಶಿವಮೊಗ್ಗದ ಆಸ್ಪತ್ರೆಯಲ್ಲಿ ಬದಲಿಸಿಕೊಂಡು ಬಂದಿದ್ದರು. ಮಗಳು ಶಾಹೀನಳ ನಿಕಾಹ್‌ನಲ್ಲಿ ನೆಂಟರನ್ನು ನಿಂತು ಬರಮಾಡಿಕೊಳ್ಳಬೇಕೆಂಬುದು ಅವರ ಆಸೆ. ಆದರೆ ಆಪರೇಷನ್ನಿನ ದಿನ ಮುಂದೆ ಹೋಗುತ್ತಾ ಹೋಗುತ್ತಾ ಮದುವೆಯ ಬುಡಕ್ಕೇ ಬಂದಿತ್ತು.

ದಿನಾ ಬೆಳಿಗ್ಗೆ ಆಸ್ಪತ್ರೆಯಿಂದ ಅವರ ಮೊಬೈಲಿಗೆ ಮೆಸೇಜ್ ಬರುತ್ತಿತ್ತು. ನೋವು ಎಷ್ಟಿದೆ, ಎಷ್ಟು ಹೆಜ್ಜೆ ನಡೆದಿರಿ? ಕೇಳುವುದು ಕಂಪ್ಯೂಟರ್ ಎಂದು ನರ್ಸ್ ಸೌಂದರ್ಯಾ ಮೊದಲೇ ತಿಳಿಸಿದ್ದಳು. "ಆದ್ರೂ ಇದ್ದದ್ದು ಇದ್ದ ಹಾಗೆ ಹೇಳಿ. ಹೆಚ್ಚುಕಮ್ಮಿ ಕಂಡ್ರೆ ಅದು ನಮಗೆ ತಿಳಿಸ್ತದೆ. ಕಾಲು ಊದಿದ್ರಂತೂ ಜೀವಕ್ಕೇ ಅಪಾಯ."

ಆಪರೇಷನ್ ಆದ ಹನ್ನೊಂದನೆಯ ದಿನ ಶುಕ್ರವಾರ. ಭಾನುವಾರವೇ ನಿಕಾಹ್.

"ಮೀನಖಂಡ ಊದಿದೆಯೇ? ಹೌದು ಅಥವಾ ಇಲ್ಲ ಎಂದು ಕಳಿಸಿ."

ಹಿಂದಿನ ಸಂಜೆಯಿಂದಲೇ ಊದಿತ್ತು, ಮುಟ್ಟಿದರೆ ಬಿಸಿ. ಹೆಂಡತಿ ಬಿಲ್ಕಿಸಳ ಕಣ್ಣಿಗೆ ಬೀಳದಂತೆ ಲುಂಗಿ ಇಳಿಬಿಟ್ಟುಕೊಂಡಿದ್ದರು. ಹೌದೆಂದರೆ ಆಸ್ಪತ್ರೆಗೆ ಕರೆಸಿಕೊಳ್ಳುತ್ತಾರೆ. "ಇಲ್ಲ" ಎಂದು ಕಳಿಸಿದರು.

"ತುಂಬಾ ಸಂತೋಷ. ನೀವು ಚೆನ್ನಾಗಿ ಚೇತರಿಸಿಕೊಳ್ಳುತ್ತಿದ್ದೀರಿ."

ಅದನ್ನು ಓದಿ ಅವರಿಗೆ ನಾಚಿಕೆಯಾಯಿತು. ಒಳಗೆ ಶಾಹೀನ್ ಗೆಳತಿಯರೊಂದಿಗೆ ನಗುತ್ತಿದ್ದಳು. ಈ ಮನೆಯಿಂದ ಮದುವೆಯ ದಿನವೇ ತಮ್ಮ ಹೆಣದ ಜನಾಜಾ ಎತ್ತುವಂತಾದರೆ? ಮತ್ತೆ ಮೊಬೈಲ್ ಎತ್ತಿಕೊಂಡು ಬರೆದರು: "ಸುಳ್ಳು ಹೇಳಿದೆ. ಊದಿದೆ."

"ಕ್ಷಮಿಸಿ, ಅರ್ಥವಾಗಲಿಲ್ಲ. ಹೌದು ಅಥವಾ ಇಲ್ಲ ಎಂದು ಕಳಿಸಿ."

"ಹೌದು."

ಐದೇ ನಿಮಿಷದಲ್ಲಿ ಸೌಂದರ್ಯಾಳ ಫೋನ್. "ಕಾಲು ಉಜ್ಜಬೇಡಿ. ಉಸಿರು ಕಟ್ತದಾ? ಎದೆನೋವು?"

"ಇಲ್ಲಮ್ಮ."

"ಹಾಗಿದ್ರೆ ಈಗಲೇ ಗಾಡಿ ಮಾಡ್ಕೊಂಡು ಹೊರಡಿ."

ಬಿಲ್ಕಿಸ್ ಲುಂಗಿ ಸರಿಸಿ ನೋಡಿ ಹಣೆ ಹಿಡಿದುಕೊಂಡಳು. "ಎಂತ ಮಾಡ್ಕೊಂಡ್ರಿ ನೀವು!"

ಕಾಲಿನ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟಿತ್ತು. ಶ್ವಾಸಕೋಶಕ್ಕೆ ಏರಿದ್ದರೆ ಉಳಿಯುವುದು ಕಷ್ಟವಿತ್ತು ಎಂದು ಡಾಕ್ಟರು ಅಡ್ಮಿಟ್ ಮಾಡಿಕೊಂಡರು. ನಿಕಾಹ್ ಮುಂದೂಡಲು ಗುಲಾಮ್ ಹುಸೇನರೇ ಒಪ್ಪಲಿಲ್ಲ. ತಮ್ಮ ಪರವಾಗಿ ಮಗಳನ್ನು ಒಪ್ಪಿಸಿಕೊಡಲು ಒಡಹುಟ್ಟಿದ ತಮ್ಮ ನೌಶಾದನಿಗೆ ಹೇಳಿ, ಬಿಲ್ಕಿಸಳನ್ನೂ ಹಟ ಹಿಡಿದು ಊರಿಗೆ ಕಳಿಸಿದರು.

ಭಾನುವಾರ ನೌಶಾದ್ ಎತ್ತಿ ಹಿಡಿದ ಫೋನಿನಲ್ಲಿ, ಎನ್.ಆರ್.ಪುರದ ಅಳಿಯ ತೌಸೀಫ್ ಮೂರು ಸಲ "ಕಬೂಲ್" ಎಂದದ್ದು ವಾರ್ಡಿನ ಮಂಚದವರೆಗೂ ಕೇಳಿಸಿತು.

"ಆಯ್ತಾ ಮಾರಾಯ್ರೇ?" ಪಕ್ಕದ ಮಂಚದ ಹಿರೇಕೊಡಿಗೆ ರೇಣುಕಪ್ಪ ಕೇಳಿದರು.

"ಆಯ್ತು" ಎಂದವರೇ ಗೋಡೆಯ ಕಡೆ ಮುಖ ತಿರುಗಿಸಿಕೊಂಡರು.

ಸಂಜೆ ಮದುವೆಯ ಬಟ್ಟೆಯಲ್ಲೇ ಶಾಹೀನ್ ಬಂದಳು. ಹಿಂದೆಯೇ ತೌಸೀಫ್.

"ಅಬ್ಬಾ," ಎಂದು ಅಪ್ಪನನ್ನು ಕರೆದಳು. "ಮೊದಲು ಇಲ್ಲ ಅಂದಿದ್ರಂತೆ."

"ನಿನ್ನ ಮದುವೇಲಿ ನಿಲ್ಬೇಕು ಅಂತಿತ್ತು ಮಗಳೇ."

"ನೀವೇ ಹೋಗಿದ್ರೆ ನಾನು ಆ ಮದುವೇನ ಎಂತ ಮಾಡ್ಲಿಕ್ಕಿತ್ತು?"

ಅವರು ಅವಳ ಮೆಹಂದಿಯ ಕೈಯನ್ನು ಎರಡೂ ಕೈಗಳಲ್ಲಿ ಹಿಡಿದುಕೊಂಡರು. ತೌಸೀಫ್ ಅವಳಿಗೊಂದು ಕುರ್ಚಿ ತಂದಿಟ್ಟು, ಸದ್ದಿಲ್ಲದೆ ಹೊರಗೆ ಹೋಗಿ ನಿಂತ.