ಬೈದದ್ದನ್ನೂ ಬಿಡದ ಸಿಡಿ ರೈಟರ್

ತಿಳವಳ್ಳಿಯ ಗುತ್ತೆಪ್ಪ ಬರೀ ಹಲ್ಲು ನೋಡಿ ಎತ್ತು ಕೊಂಡವನಲ್ಲ. ನೊಗ ಹೂಡಿ ನಾಲ್ಕು ಸಾಲು ಹೊಡೆದು ನೋಡಿದ ಮೇಲೆಯೇ ಮಾತು. ಮನೆಯ ಕಂಪ್ಯೂಟರಿಗೆ, ಹಾಡನ್ನು ಸಿಡಿಗೆ ಬರೆಯುವ ರೈಟರ್ ಕೊಳ್ಳಲು ಹೊರಟಾಗಲೂ ಆ ಪದ್ಧತಿ ಬಿಡಲಿಲ್ಲ. ಗುಡಿಯ ಹಳೆಯ ಸಿಡಿ ಪ್ಲೇಯರನ್ನು ಧೋತರದಲ್ಲಿ ಸುತ್ತಿ ತೊಡೆಯ ಮೇಲಿಟ್ಟುಕೊಂಡು, ಮಗಳು ರಾಜಶ್ರೀಯೊಡನೆ ಬಸ್ಸು ಹತ್ತಿ ಶಿಗ್ಗಾಂವಕ್ಕೆ ಬಂದ.

ಆ ಪ್ಲೇಯರನ್ನು ಗುಡಿಗೆ ಕೊಟ್ಟವಳು ಅವನ ಹೆಂಡತಿ ಶಂಕ್ರವ್ವ. ಅವಳು ಶಿವನ ಪಾದ ಸೇರಿ ಬರುವ ಸೋಮವಾರಕ್ಕೆ ಒಂದು ವರ್ಷ. ಅವಳು ಹಾಡಿದ ಒಂದೇ ಒಂದು ಭಜನೆ ರಾಜಶ್ರೀಯ ಕಂಪ್ಯೂಟರಿನಲ್ಲಿ ಉಳಿದಿತ್ತು. ಆ ದಿನ ಗುಡಿಯಲ್ಲಿ, ಅವಳೇ ಕೊಟ್ಟ ಪ್ಲೇಯರಿನಿಂದ ಅವಳ ದನಿ ಏಳಬೇಕು. ಗುತ್ತೆಪ್ಪನಿಗೆ ಬೇರೇನೂ ಬೇಕಿರಲಿಲ್ಲ. ಆ ಪ್ಲೇಯರೋ ಸಿಡಿ ಬಿಟ್ಟು ಬೇರೇನನ್ನೂ ಮುಟ್ಟದು.

ಅಂಗಡಿಯ ಇಸ್ಮಾಯಿಲಸಾಬ ಗಂಟು ಬಿಚ್ಚಿದ್ದನ್ನು ನೋಡಿ ನಕ್ಕ. “ಗುತ್ತೆಪ್ಪಣ್ಣಾರ, ಕನ್ಯಾ ನೋಡಾಕ ಬಂದೋರು ಮುತ್ಯಾನ್ನೂ ಹೊತ್ಕೊಂಡು ಬಂದಂಗಾತಲ್ರಿ!”

“ಮನ್ಯಾಗಿನ ಹಿರ್ಯಾರು ಒಪ್ಪಬೇಕಲ್ರಿ ಸಾಬ್ರ. ಬರದು ತೋರಸ್ರಿ.”

ಮೊದಲನೆಯದು ಥಳಥಳ ಹೊಳೆಯುವ ರೈಟರ್. ರಾಜಶ್ರೀ ಪೆನ್ ಡ್ರೈವಿನಲ್ಲಿ ತಂದಿದ್ದ ಭಜನೆಯನ್ನು ಕಣ್ಣು ಮುಚ್ಚಿ ತೆಗೆಯುವುದರೊಳಗೆ ಬರೆದು ಮುಗಿಸಿತು. ಆ ಸಿಡಿಯನ್ನು ಪ್ಲೇಯರಿಗೆ ಹಾಕಿದರೆ, ‘ಶಿವ’ ಎನ್ನಬೇಕಾದ ಶಂಕ್ರವ್ವ ‘ಶಿ, ಶಿ, ಶಿ’ ಎಂದು ಅಲ್ಲೇ ನಿಂತಳು.

“ಓಟ ಚಲೋ ಐತ್ರಿ, ಗಳೇಕ ಬರಂಗಿಲ್ಲ,” ಎಂದ ಗುತ್ತೆಪ್ಪ, ಉಳುಮೆಗೆ ಬಾರದ ಎತ್ತನ್ನು ತಳ್ಳಿಹಾಕುವಂತೆ.

ಎರಡನೆಯದು ಕಪ್ಪಗೆ, ದಪ್ಪಗೆ. ರಾಜಶ್ರೀ ಅದನ್ನು ಎಲ್ಲಕ್ಕಿಂತ ನಿಧಾನದ ವೇಗಕ್ಕೆ ಇಟ್ಟಳು. ಚಹಾ ಕುಡಿದು, ಸಾಬರ ಮೊಣಕಾಲು ನೋವಿನ ಕಥೆ ಕೇಳಿ ಮುಗಿದ ಮೇಲೆ ಸಿಡಿ ಹೊರಗೆ ಬಂತು. ಪ್ಲೇಯರು ಈ ಸಲ ತಡವರಿಸಲಿಲ್ಲ. ಶಂಕ್ರವ್ವ ಹಾಡಿದಳು. ನಟ್ಟನಡುವೆ ಹಾಡು ನಿಲ್ಲಿಸಿ, ತಾಳ ಹಾಕುತ್ತಿದ್ದ ಗಂಡನನ್ನು ಗದರಿದಳು: “ಏನ್ರಿ, ತಾಳ ಎಲ್ಲಿ ಹೋತರಿ? ಹೊಲಕ್ಕ ಹೋತೇನು?”

“ಇದನ್ನ ತಗದ ಬಿಡ್ಲೇನಪ್ಪಾ?” ಎಂದಳು ರಾಜಶ್ರೀ.

“ಬ್ಯಾಡವ್ವಾ. ಅದನ್ನ ತಗದ್ರ ಆಕಿನ್ನ ತಗದಂಗ.”

“ಬೈದದ್ದನ್ನೂ ಬಿಟ್ಟಿಲ್ಲ ನೋಡ್ರಿ,” ಎಂದ ಇಸ್ಮಾಯಿಲಸಾಬ. “ಇದ ನಂಬಿಗಸ್ತ ಮಷೀನು.”

ಕೊಂಡು ತಂದ ಆ ರೈಟರಿನಲ್ಲಿ ಸೋಮವಾರ ಮನೆಯಲ್ಲಿ ಮೊದಲ ಸಿಡಿ ಬರೆಯಬೇಕಿತ್ತು. ಹೊಸ ಕುಡುಗೋಲಿಗೂ ವಿಭೂತಿ ಹಚ್ಚದೆ ಕೆಲಸಕ್ಕೆ ಹಚ್ಚುವ ಮನೆಯಲ್ಲ ಅದು. ಗುತ್ತೆಪ್ಪ ಮಿಂದು ಬಂದು ರೈಟರಿಗೆ ವಿಭೂತಿ ಹಚ್ಚಿದ. ಬರೆದು ಹೊರಬಂದ ಸಿಡಿಗೂ, ಹೊಳೆಯುವ ಮಗ್ಗುಲನ್ನೇ ಆರಿಸಿ, ಮೂರು ಬೆರಳಿನಿಂದ ಭಕ್ತಿಯಿಂದ ಎಳೆದ.

ಗುಡಿ ತುಂಬಿತ್ತು. ಪ್ಲೇಯರು ಗರ್ ಎಂದು ತಿರುಗಿ ಸುಮ್ಮನಾಯಿತು. ಮತ್ತೊಮ್ಮೆ ಹಾಕಿದರೂ ಅಷ್ಟೇ. ತಾಳ ಹಿಡಿದು ಕುಳಿತ ಗುತ್ತೆಪ್ಪನ ಮುಖ ಬಾಡಿತು. “ಇಷ್ಟು ನೋಡಿ ತಂದ್ರೂ ಖೋಟಿ ಆತಲ್ಲೋ ಶಿವನ!”

ಹಿಂದೆ ಶಂಕ್ರವ್ವನ ಮಗ್ಗುಲಲ್ಲಿ ಕುಳಿತು ಹಾಡುತ್ತಿದ್ದ ಮಾದೇವಿ ಸಿಡಿ ತೆಗೆದು ತಿರುಗಿಸಿ ನೋಡಿದಳು. “ಅಯ್ಯ ಯಣ್ಣಾ! ಹಣಿಗೆ ಹಚ್ಚೋದನ್ನ ಕಣ್ಣಿಗೆ ಮೆತ್ತೀರಲ್ರಿ! ಅದು ಹೆಂಗ ಓದಬೇಕು?” ಎಂದು ಸೆರಗಿನ ತುದಿ ಒದ್ದೆ ಮಾಡಿ ಮೆಲ್ಲಗೆ ಒರೆಸಿ ಮತ್ತೆ ಹಾಕಿದಳು.

ದನಿ ಎದ್ದಿತು. ಗುಡಿಯ ಕಂಬಕಂಬಕ್ಕೂ ಮುಟ್ಟಿತು. ಹೆಂಗಸರು ಒಬ್ಬೊಬ್ಬರಾಗಿ ದನಿಗೂಡಿಸಿದರು. ಗುತ್ತೆಪ್ಪ ಕೇಳುತ್ತ ಕೇಳುತ್ತ ಕೈಯಲ್ಲಿದ್ದ ತಾಳವನ್ನೇ ಮರೆತ.

“ಏನ್ರಿ, ತಾಳ ಎಲ್ಲಿ ಹೋತರಿ? ಹೊಲಕ್ಕ ಹೋತೇನು?”

ಗುಡಿಗೆ ಗುಡಿಯೇ ಗೊಳ್ಳೆಂದಿತು.

“ಬಂತಽ, ಬಂತು!” ಎಂದ ಗುತ್ತೆಪ್ಪ, ಹೆಗಲಿಗೆ ಕಣ್ಣೊರೆಸಿಕೊಂಡು ತಾಳ ಬಾರಿಸತೊಡಗಿದ.